ಮುಗುಡು ಇದ್ದ ಬೇಸಿಗೆ

ನಮ್ಮ ಮನೆಯಲ್ಲಿ ಹೊತ್ತು ಕಂತುವ ಮೊದಲೇ ರಾತ್ರಿಯ ಊಟ ಮುಗಿಯುತ್ತಿತ್ತು. ದೀಪ ಹಚ್ಚಿದ ಮೇಲೆ ಉಂಡರೆ ಬೆಳಕಿಗೆ ಬಂದ ಹುಳುಗಳು ಅನ್ನದಲ್ಲಿ ಬಿದ್ದು ಸಾಯುತ್ತವೆ, ಆ ಪಾಪ ಉಂಡವರದು. ಮೂಡುಬಿದಿರೆಯ ನಮ್ಮ ಕೇರಿಯ ಜೈನರ ಮನೆಗಳಲ್ಲೆಲ್ಲ ಇದೇ ಕ್ರಮವಿದ್ದರೂ ನಮ್ಮ ಅಜ್ಜಿ ಅದನ್ನು ಇನ್ನಷ್ಟು ಬಿಗಿಮಾಡಿದ್ದರು. ಬಾವಿಯಿಂದ ಸೇದಿದ ನೀರನ್ನು ಅವರು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುವರು. ಆಮೇಲೆ ಆ ಬಟ್ಟೆಯನ್ನು ಒಂದು ಚೆಂಬಿನಲ್ಲಿ ಜಾಲಿಸಿ, ಆ ನೀರನ್ನು ಕೊಡಪಾನಕ್ಕೆ ಹಾಕಿ, ಹಗ್ಗದಲ್ಲಿ ಮೆಲ್ಲಮೆಲ್ಲನೆ ಬಾವಿಗೆ ಇಳಿಸುವರು. ಮೇಲಿನಿಂದ ಚೆಲ್ಲಿದರೆ ಬಟ್ಟೆಗೆ ಹತ್ತಿದ ಕಣ್ಣಿಗೆ ಕಾಣದ ಜೀವಗಳಿಗೆ ಪೆಟ್ಟಾಗುತ್ತದೆ ಎಂದು. ಅಡುಗೆಗೆ ತರುವ ಸೌದೆಯನ್ನು ನೆಲಕ್ಕೆ ಕುಟ್ಟಿ ಇರುವೆ ಹೋಗಲಿಕ್ಕೆ ಬಿಟ್ಟು ಆಮೇಲೆ ಒಲೆಗೆ ಇಡಬೇಕು. ಬೆಳಿಗ್ಗೆ ಅಂಗಳ ಗುಡಿಸುವಾಗ ಹಿಡಿಸೂಡಿಯನ್ನು ಒತ್ತಿ ಎಳೆಯಬಾರದು. ಇಷ್ಟೆಲ್ಲ ಜೋಪಾನದ ಮನೆಯಲ್ಲಿ ಮನುಷ್ಯರ ನಡುವೆ ಮಾತು ತೀರ ಕಡಿಮೆಯಿತ್ತು ಎಂಬುದು ನನಗೆ ಆಗ ವಿಚಿತ್ರವಾಗಿ ಕಾಣಲಿಲ್ಲ. ಎಲ್ಲರ ಮನೆಯೂ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ.

ಅದು ನನ್ನ ಅಮ್ಮನ ತಾಯಿಮನೆ. ನಮ್ಮಲ್ಲಿ ಆಗಿನ್ನೂ ಅಳಿಯಸಂತಾನದ ಕಟ್ಟು. ಹೆಣ್ಣುಮಕ್ಕಳು, ಅವರ ಮಕ್ಕಳು ಮನೆಯವರು. ಗಂಡುಮಕ್ಕಳ ಹೆಂಡತಿ ಮಕ್ಕಳು ಅವರವರ ತಾಯಿಮನೆಯ ಲೆಕ್ಕ. ನಾನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಹೋದರೂ ನಾವು ಎಲ್ಲಿಗೂ ಹೋಗಬೇಕಾಗಿ ಬರಲಿಲ್ಲ, ಹುಟ್ಟಿದ ಮನೆಯೇ ನಮ್ಮದು. ಮನೆಯ ಯಜಮಾನಿಕೆ ಅಮ್ಮನ ಅಣ್ಣ, ದೊಡ್ಡ ಮಾವನದು. ಅವರ ಹೆಂಡತಿ ಮಕ್ಕಳು ವೇಣೂರಿನಲ್ಲಿದ್ದರು. ತಿಂಗಳಿಗೊಮ್ಮೆ ಅತ್ತ ಹೋಗಿ ಬರುವುದು ಬಿಟ್ಟರೆ ದೊಡ್ಡ ಮಾವ ಚಾವಡಿಯ ಬೆಂಚಿನ ಮೇಲೆ ಬೆನ್ನು ನೇರ ಮಾಡಿ ಕೂತೇ ಇರುತ್ತಿದ್ದರು. ಅವರು ಯಾರಿಗೂ ಬೈದದ್ದು ನನಗೆ ನೆನಪಿಲ್ಲ. ಕಣ್ಣೆತ್ತಿ ನೋಡಿದರೆ ಸಾಕಿತ್ತು, ಅಡುಗೆಮನೆಯ ಪಾತ್ರೆಗಳೂ ಸದ್ದು ನಿಲ್ಲಿಸುತ್ತಿದ್ದವು.

ಅಮ್ಮನ ತಮ್ಮ, ಚಿಕ್ಕ ಮಾವ ಧರಣೇಂದ್ರ, ನಾನು ಹುಟ್ಟುವ ಮೊದಲೇ ಬೊಂಬಾಯಿಗೆ ಹೋಗಿದ್ದ. ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಅವನು ಅಲ್ಲಿಯ ಕಡಲ ಬದಿಯ, ಮೀನು ತಿನ್ನುವ ಮನೆಯ ಹುಡುಗಿಯನ್ನು ಮದುವೆಯಾದ ಸುದ್ದಿ ಬಂದ ಮೇಲೆ ಅವನ ಹೆಸರನ್ನು ಚಾವಡಿಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ. ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಬೊಂಬಾಯಿಯಿಂದ ರಜೆಯಲ್ಲಿ ಬಂದ ಒಬ್ಬರು, ಆ ಹುಡುಗಿ ಹೆರಿಗೆಯಾದ ಹೊಸತರಲ್ಲೇ ಹೋಗಿಬಿಟ್ಟಳು, ಮಗುವೂ ಉಳಿಯಲಿಲ್ಲ ಎಂದು ಹೇಳಿಹೋದರು. ಅಜ್ಜಿ ಕೈಯಲ್ಲಿದ್ದ ಜಪಮಾಲೆಯನ್ನು ಹಾಗೆಯೇ ಹಿಡಿದುಕೊಂಡು ಕೂತರು. ದೊಡ್ಡ ಮಾವ ಅಂಗಳ ನೋಡುತ್ತ ಹೇಳಿದರು:

"ಆಯ್ತಲ್ಲ. ಇನ್ನು ಅವನು ಮನೆಗೆ ಬರಲಿ."

ಅವನು ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬಂದ. ಒಂದು ಕಬ್ಬಿಣದ ಪೆಟ್ಟಿಗೆ, ಇನ್ನೊಂದು ಗೋಣಿ ಸುತ್ತಿದ ದೊಡ್ಡ ಸಾಮಾನು. ಗೋಣಿ ಬಿಚ್ಚಿದಾಗ ಒಳಗೆ ಹಳೆಯ ರಜಾಯಿ, ಅದರೊಳಗೆ ನಾಲ್ಕು ಬದಿಗೂ ಗಾಜು ಇರುವ, ಕಬ್ಬಿಣದ ಪಟ್ಟಿ ಕಟ್ಟಿದ ಒಂದು ತೊಟ್ಟಿ. ಅವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಅದರಲ್ಲಿ ಬಣ್ಣದ ಮೀನು ಇಟ್ಟಿದ್ದರಂತೆ. ಸಾವುಕಾರರು ಹೊಸತು ತಂದಾಗ ಇದನ್ನು ಅವನಿಗೆ ಕೊಟ್ಟದ್ದು. ಅವನು, ಅವನ ಹೆಂಡತಿ ಇಬ್ಬರೂ ತಮ್ಮ ಒಂಟಿ ಕೋಣೆಯಲ್ಲಿ ಅದಕ್ಕೆ ಮೀನು ಬಿಟ್ಟು ಸಾಕಿದ್ದರಂತೆ. ಇದನ್ನೆಲ್ಲ ಅವನು ಬಹಳ ತಿಂಗಳ ನಂತರ ನನಗೊಬ್ಬಳಿಗೇ ಹೇಳಿದ್ದು. ಬಂದ ದಿನ ಅವನು ಹೇಳಿದ್ದು "ಒಡೀಲಿಲ್ಲ" ಎಂಬ ಒಂದೇ ಮಾತು. ದೊಡ್ಡ ಮಾವ ತೊಟ್ಟಿಯನ್ನು ನೋಡಿದರು, ತಮ್ಮನನ್ನು ನೋಡಿದರು, ಚಾವಡಿಯ ಪಕ್ಕದ ಕೋಣೆಯ ಬೀಗದ ಕೈಯನ್ನು ಬೆಂಚಿನ ಮೇಲಿಟ್ಟರು. ಅಂದಿನಿಂದ ಅವನ ವಾಸ ಆ ಕೋಣೆಯಲ್ಲಿ. ನಾವೆಲ್ಲ ಒಳಗೆ ಸಾಲಾಗಿ ಕೂತು ಉಂಡು ಎದ್ದ ಮೇಲೆ ಅಮ್ಮ ಅವನ ಎಲೆಯನ್ನು ಚಾವಡಿಯ ಮೂಲೆಯಲ್ಲಿ ಹಾಕುತ್ತಿದ್ದಳು. ಹೀಗೆ ಮಾಡಬೇಕೆಂದು ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ. ಅವನೂ ಯಾಕೆಂದು ಕೇಳಲಿಲ್ಲ. ಹೊತ್ತು ಕಂತುವ ಮೊದಲು ಅವಸರವಸರವಾಗಿ ಉಂಡು, ತನ್ನ ಎಲೆಯನ್ನು ತಾನೇ ಎತ್ತಿ, ನೆಲ ಒರೆಸಿ ಹೋಗುತ್ತಿದ್ದ.

ಆ ವರ್ಷ ಬೇಸಿಗೆ ಕಡುವಾಗಿತ್ತು. ಕೇರಿಯ ಆಚೆಯ ಕೆರೆ ಬತ್ತಿ ನಡುವೆ ಒಂದಿಷ್ಟು ಕೆಸರು ಮಾತ್ರ ಉಳಿದಾಗ ಆಚೀಚೆಯವರು ಮಡಕೆ, ಬುಟ್ಟಿ ಹಿಡಿದುಕೊಂಡು ಮೀನು ಹೆಕ್ಕಲಿಕ್ಕೆ ಇಳಿದರು. ಚಿಕ್ಕ ಮಾವ ನನ್ನನ್ನು ಕರೆದುಕೊಂಡು ನೋಡಲಿಕ್ಕೆ ಹೋದ. ಕೆಸರೆಲ್ಲ ಕದಲುತ್ತಿತ್ತು. ಕಪ್ಪಗೆ, ಜಾರುವ ಮೈಯ, ಬಾಯಿಯ ಸುತ್ತ ಮೀಸೆಯ ಮೀನುಗಳು. ಅವನ್ನು ನಮ್ಮಲ್ಲಿ ಮುಗುಡು ಎನ್ನುತ್ತಾರೆ. ನೀರೇ ಇಲ್ಲದಲ್ಲಿ ಅವು ಗಂಟೆಗಟ್ಟಲೆ ಜೀವ ಹಿಡಿದುಕೊಂಡು ತೆವಳುತ್ತಿದ್ದವು. ಹಿಡಿಯುವವರು ಕುತ್ತಿಗೆಯ ಹಿಂದೆ ಬೆರಳು ಕೊಟ್ಟು ಎತ್ತುತ್ತಿದ್ದರು. ಪಕ್ಕೆಯ ಮುಳ್ಳು ಚುಚ್ಚಿದರೆ ಕೈ ಬಾತು ಎರಡು ದಿನ ಜ್ವರ ಬರುವುದಂತೆ. ಚಿಕ್ಕ ಮಾವ ಧೋತರ ಮೇಲೆ ಕಟ್ಟಿ ಕೆಸರಿಗೆ ಇಳಿದ. ಮೀನು ಹಿಡಿಯುತ್ತಿದ್ದ ಒಬ್ಬ ತುಳುವಿನಲ್ಲಿ, "ಬಸದಿಯ ಕೇರಿಯವರಿಗೂ ಮೀನು ಬೇಕಾಯ್ತಾ ಧನಿಗಳೇ?" ಎಂದು ಕೇಳಿ ನಕ್ಕ. ಸುತ್ತಲಿನವರೆಲ್ಲ ನಕ್ಕರು. ಚಿಕ್ಕ ಮಾವನೂ ನಕ್ಕ. ಅವನು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಎರಡು ದೊಡ್ಡದು, ಒಂದು ಸಣ್ಣದು, ಹೀಗೆ ಮೂರು ಮುಗುಡುಗಳನ್ನು ಮಡಕೆಯಲ್ಲಿ ಹಾಕಿಕೊಂಡು ನಾವು ಮನೆಗೆ ಬಂದೆವು.

ಅಂಗಳದಲ್ಲೇ ಅಜ್ಜಿ ತಡೆದರು.

"ಧರಣಾ, ಇದೆಂತದು?"

"ಮೀನು ಅಮ್ಮ. ಅಲ್ಲಿ ಬಿಟ್ಟಿದ್ದರೆ ಇಷ್ಟೊತ್ತಿಗೆ ಯಾರದಾದರೂ ಪಾತ್ರೆಯಲ್ಲಿ ಬೇಯ್ತಾ ಇದ್ದವು."

"ಉಳಿಸ್ಲಿಕ್ಕೆ ತಂದದ್ದಾ?"

"ಹೌದು. ಮಳೆ ಬಂದು ಕೆರೆ ತುಂಬಿದ ಕೂಡಲೇ ಬಿಟ್ಟು ಬರ್ತೇನೆ."

ಅಜ್ಜಿಗೆ ಬೇಡ ಎನ್ನುವ ದಾರಿ ಇರಲಿಲ್ಲ. ಜೀವ ಉಳಿಸಿದ್ದಕ್ಕೆ ಬೈಯುವುದು ಹೇಗೆ? ದೊಡ್ಡ ಮಾವ ಬೆಂಚಿನಿಂದಲೇ ಎಲ್ಲ ಕೇಳಿಸಿಕೊಂಡರು. ತೊಟ್ಟಿ ಚಾವಡಿಯ ಕಿಟಕಿಯ ಬಳಿ ಒಂದು ಹಲಗೆಯ ಮೇಲೆ ಕೂತಿತು. ಚಿಕ್ಕ ಮಾವ ಅದಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ಹಾಕಿ, ಕೆಳಗೆ ಹೊಯಿಗೆ ಎನ್ನುವ ಹೊಳೆಯ ಮರಳು ಹಾಸಿ, ಅಡಗಿಕೊಳ್ಳಲಿಕ್ಕೆ ಒಡೆದ ಮಡಕೆಯ ಅರ್ಧವನ್ನು ಬೋರಲು ಇಟ್ಟ.

ತೊಂದರೆ ಶುರುವಾದದ್ದು ಊಟದಿಂದ. ಮುಗುಡು ಹಗಲೆಲ್ಲ ಆ ಮಡಕೆಯ ಅಡಿಯಲ್ಲಿ ಕಲ್ಲಿನ ಹಾಗೆ ಬಿದ್ದಿರುವುದು. ನಮ್ಮ ಊಟ ಮುಗಿದು, ಚಾವಡಿ ಮಬ್ಬಾಗುವ ಹೊತ್ತಿಗೆ ಹೊರಗೆ ಬರುವುದು. ಕಣ್ಣು ಸಾಸಿವೆಯಷ್ಟು, ಅದರಿಂದ ಏನೂ ಕಾಣುವ ಹಾಗಿಲ್ಲ. ಎಂಟು ಮೀಸೆಗಳನ್ನು ಹೊಯಿಗೆಯ ಮೇಲೆ ಆಡಿಸುತ್ತ, ಕುರುಡರು ಕೈಯಾಡಿಸಿದ ಹಾಗೆ ಹುಡುಕುವುದು. ಮೀಸೆಗೆ ತಾಗಿದರೆ ಗಬಕ್ಕನೆ ಬಾಯಿ ಹಾಕುವುದು. ಎರೆಹುಳ ಕೊಟ್ಟರೆ ಸರಿಯಾಗುತ್ತದೆ ಎಂದು ಚಿಕ್ಕ ಮಾವ ಹೇಳಿದ್ದೇ ತಡ, ಅಜ್ಜಿ ಬಾಗಿಲ ಬಳಿ ಬಂದು ನಿಂತರು.

"ಮೂರನ್ನು ಉಳಿಸ್ಲಿಕ್ಕೆ ದಿನಾ ಮೂವತ್ತನ್ನು ಕೊಲ್ಲುವುದಾ? ಈ ಮನೆಯಲ್ಲಿ ಅದು ಆಗ್ಲಿಕ್ಕಿಲ್ಲ."

"ಅದರ ಹುಟ್ಟು ಹಾಗೆ ಅಮ್ಮ. ಅದು ಕೊಲ್ತೇನೆ ಅಂತ ತಿನ್ನುವುದಲ್ಲ."

"ಅದಕ್ಕೆ ಗೊತ್ತಿಲ್ಲ. ಕೊಡುವವನಿಗೆ ಗೊತ್ತುಂಟಲ್ಲ?"

ಹಾಗಾಗಿ ಅನ್ನ ಕೊಟ್ಟರು. ಅನ್ನವನ್ನು ಅವು ಮೀಸೆಯಲ್ಲಿ ಮುಟ್ಟಿ ನೋಡಿ ಬಿಟ್ಟವು. ಅನ್ನ ಹಳಸಿ ನೀರು ನಾರುತ್ತಿತ್ತು, ಚಿಕ್ಕ ಮಾವ ದಿನಾ ನೀರು ಬದಲಿಸುತ್ತಿದ್ದ. ಹೀಗೆ ಕೆಲವು ದಿನ ಹೋಯಿತು. ಒಂದು ಬೆಳಿಗ್ಗೆ ಬಸದಿಗೆ ಹೋಗಿ ಬಂದ ಅಜ್ಜಿ ಗಂಧ ಹಚ್ಚಿದ ಹಣೆಯಲ್ಲೇ ತೊಟ್ಟಿಯ ಕಡೆ ಬಗ್ಗಿ ನೋಡಿದವರು ಗೋಡೆ ಹಿಡಿದುಕೊಂಡರು. ಸಣ್ಣ ಮುಗುಡಿನ ತಲೆ ಮತ್ತು ಅದರ ಹಿಂದೆ ಒಂದು ಬೆರಳಿನಷ್ಟು ಮೈ ಮಾತ್ರ ಹೊಯಿಗೆಯ ಮೇಲಿತ್ತು. ಉಳಿದದ್ದನ್ನು ದೊಡ್ಡವು ತಿಂದಿದ್ದವು. ಅಜ್ಜಿ ಆ ದಿನ ಊಟ ಮಾಡಲಿಲ್ಲ. ತಮ್ಮ ಮಾತಿನಿಂದ ಆದದ್ದು ಎಂದು ಅವರಿಗೆ ಅನಿಸಿರಬೇಕು. ಚಿಕ್ಕ ಮಾವ ಆ ತಲೆಯನ್ನು ಬಾಳೆಎಲೆಯಲ್ಲಿ ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿ ಹೂಳಿ ಬಂದ.

ದಾರಿ ತೋರಿಸಿದ್ದು ಅಮ್ಮ. ತೆಂಗಿನ ಹಿಂಡಿ, ಕಡ್ಲೆಹಿಟ್ಟು, ಬೆಂದ ಅನ್ನ ಮೂರನ್ನೂ ಒಟ್ಟಿಗೆ ನಾದಿ ಸಣ್ಣ ಉಂಡೆ ಮಾಡಿ ಕೊಟ್ಟಳು. ಹಿಂಡಿಯ ವಾಸನೆಗೆ ಇರಬೇಕು, ಎರಡೂ ಮುಗುಡುಗಳು ಮುನ್ನುಗ್ಗಿ ಬಂದವು. ನೀರು ಕದಡಿ, ಬಾಲ ಗಾಜಿಗೆ ಬಡಿದು, ಒಂದರ ಮೇಲೊಂದು ಬಿದ್ದು ತಿಂದವು. ಅಂದಿನಿಂದ ಸಂಜೆ ನಮ್ಮ ಊಟವಾದ ಮೇಲೆ ಉಂಡೆ ಹಾಕುವ ಕೆಲಸ ನನ್ನದಾಯಿತು. ಅಜ್ಜಿ ಜಪಮಾಲೆ ಹಿಡಿದು ಹತ್ತಿರ ಬಂದು ಕೂರಲಿಕ್ಕೆ ಶುರುಮಾಡಿದರು. "ಇವಕ್ಕೆ ರಾತ್ರಿ ಊಟದ ನಿಷೇಧ ಇಲ್ಲ ಅಲ್ವಾ ಧರಣಾ?" ಎಂದು ಒಮ್ಮೆ ಕೇಳಿದರು. ಅದು ತಮಾಷೆಯೋ ನಿಜವಾದ ಪ್ರಶ್ನೆಯೋ ತಿಳಿಯದೆ ಚಿಕ್ಕ ಮಾವ ತಲೆಯಾಡಿಸಿದ.

ತಿನ್ನುವುದಕ್ಕಿಂತ ಹೆಚ್ಚಾಗಿ ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿದ್ದು ಅವು ಉಸಿರು ತೆಗೆಯುವ ರೀತಿ. ಅಡಿಯಲ್ಲಿ ಬಿದ್ದುಕೊಂಡ ಮೀನು ಇದ್ದಕ್ಕಿದ್ದ ಹಾಗೆ ಎದ್ದು ನೆಟ್ಟಗೆ ಮೇಲೆ ಬರುವುದು, ಮೂತಿಯನ್ನು ನೀರಿನ ಹೊರಗೆ ಚಾಚಿ ಒಂದು ಗುಟುಕು ಗಾಳಿ ಎಳೆದುಕೊಳ್ಳುವುದು, 'ಪ್ಚ್' ಎಂದು ಸಣ್ಣ ಸದ್ದು, ಕಿವಿರಿನ ಬದಿಯಿಂದ ಎರಡು ಗುಳ್ಳೆ ಬಿಟ್ಟು ಮತ್ತೆ ಕೆಳಗೆ. ಸ್ವಲ್ಪ ಹೊತ್ತಿಗೆ ಪುನಃ. ಅಜ್ಜಿಗೆ ಅದು ಬೇಡಿಕೊಳ್ಳಲಿಕ್ಕೆ ಬಾಯಿ ಬಿಡುತ್ತದೆ ಎಂದು ಕಂಡಿತು. "ನೋಡು, ಬಿಟ್ಟುಬಿಡಿ ಅಂತ ಕೇಳ್ತಾ ಉಂಟು" ಎಂದು ಕಣ್ಣು ಒರೆಸಿಕೊಂಡರು. ಚಿಕ್ಕ ಮಾವ ನನ್ನನ್ನು ಗಾಜಿನ ಎದುರು ಕೂರಿಸಿ ಹೇಳಿಕೊಟ್ಟ.

"ಪದ್ದು, ಬೇರೆ ಮೀನಿನ ಹಾಗೆ ಅಲ್ಲ ಇದು. ಇದಕ್ಕೆ ಕಿವಿರಿನ ಒಳಗೆ ಗಾಳಿ ಹಿಡಿಯುವ ಚೀಲದ ಹಾಗೆ ಒಂದು ಉಂಟು. ನೀರಿನಲ್ಲಿದ್ದದ್ದು ಅದಕ್ಕೆ ಸಾಕಾಗುದಿಲ್ಲ. ಮೇಲೆ ಬಂದು ತೆಗೀಬೇಕು."

"ಬರದಿದ್ದರೆ?"

"ಮುಳುಗಿದ ಮನುಷ್ಯ ಹೇಗೆ ಸಾಯ್ತಾನೆ, ಹಾಗೆ. ಮೀನಾದರೂ ನೀರಲ್ಲೇ ಸಾಯ್ತದೆ."

ಅವನು ಇಷ್ಟು ಉದ್ದ ಮಾತಾಡುತ್ತಿದ್ದದ್ದು ತೊಟ್ಟಿಯ ಎದುರು ಮಾತ್ರ. ಬೊಂಬಾಯಿಯ ವಿಷಯ ಅಲ್ಲಲ್ಲಿ ಬರುತ್ತಿತ್ತು. ಹೋಟೆಲಿನ ತೊಟ್ಟಿ, ಚಾಳಿನ ಕೋಣೆ, ಹೆಂಡತಿ ಬಣ್ಣದ ಮೀನುಗಳಿಗೆ ಒಂದೊಂದಕ್ಕೂ ಹೆಸರಿಟ್ಟು ಕರೆಯುತ್ತಿದ್ದದ್ದು. ಅವಳ ಹೆಸರನ್ನು ಮಾತ್ರ ಅವನು ಹೇಳಲಿಲ್ಲ. ಅವಳು ಹೋದದ್ದು ಹೇಗೆ ಎಂದು ನಾನು ಕೇಳಿದಾಗ ಎದ್ದು ಹೋದ.

ಚಾವಡಿಗೆ ಬರುವವರ ಕಣ್ಣು ಮೊದಲು ತೊಟ್ಟಿಯ ಮೇಲೆ ಬೀಳುತ್ತಿತ್ತು. ಕೆಲವರು ಹುಬ್ಬು ಹಾರಿಸಿದರು. ದೂರದ ನೆಂಟರೊಬ್ಬರು ವೀಳ್ಯ ಮೆಲ್ಲುತ್ತ, "ಬೊಂಬಾಯಿ ಅಭ್ಯಾಸ ಬಿಡ್ಲಿಕ್ಕೆ ಕಷ್ಟ ಅಲ್ವಾ? ಅಡಿಗೆಮನೆಗೆ ಯಾವಾಗ ಹೋಗ್ತದೆ ಇದು?" ಎಂದು ಕೇಳಿದರು. ದೊಡ್ಡ ಮಾವನ ಮುಖ ಕೆಂಪಾಯಿತು. ಆ ನೆಂಟರು ಹೋದ ಮೇಲೂ ಅವರು ತಮ್ಮನನ್ನು ಕರೆದು ಏನೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ. ನಮ್ಮ ಮನೆಯಲ್ಲಿ ಜಗಳಗಳು ನಡೆಯುತ್ತಿದ್ದದ್ದು ಹಾಗೆ, ಬಾಯಿ ಬಿಡದೆ, ಬೆನ್ನು ತಿರುಗಿಸಿ.

ಮುಂಗಾರಿನ ಮೊದಲಿನ ಗುಡುಗು ಶುರುವಾದ ಮೇಲೆ ಮುಗುಡುಗಳು ಅಡಿಯಲ್ಲಿ ನಿಲ್ಲದಾದವು. ಮಳೆಯ ಗಾಳಿ ಬಂದರೆ ಅವು ಇದ್ದ ನೀರು ಬಿಟ್ಟು ಹೊಸ ನೀರು ಹುಡುಕಿಕೊಂಡು ಹೊರಡುತ್ತವಂತೆ. ಒಂದು ಬೆಳಿಗ್ಗೆ ಅಂಗಳದ ತುಳಸಿಕಟ್ಟೆಯ ಹತ್ತಿರ, ಚಾವಡಿಯ ಮೆಟ್ಟಿಲು ದಾಟಿ ತೆವಳಿಕೊಂಡು ಹೋದ ಒಂದು ಮುಗುಡು ಬಿದ್ದಿತ್ತು. ಇನ್ನೂ ಜೀವ ಇತ್ತು. ಮೈಗೆಲ್ಲ ಕೆಂಪಿರುವೆ ಮುತ್ತಿಕೊಂಡು ಕಣ್ಣನ್ನು ತಿಂದಿದ್ದವು. ಮೊದಲು ನೋಡಿದ್ದು ದೊಡ್ಡ ಮಾವ. ಅವರು ಇರುವೆಗಳನ್ನು ಒಂದೊಂದಾಗಿ ಬಿಡಿಸಲಿಕ್ಕೆ ನೋಡಿದರು, ಇರುವೆ ಸಾಯಬಾರದು, ಮೀನೂ ಸಾಯಬಾರದು. ಅಜ್ಜಿ ಬಗ್ಗಿ ಪಂಚನಮಸ್ಕಾರ ಮಂತ್ರ ಹೇಳಿದರು. ಮೀನು ಅವರ ಎದುರೇ ಹೋಯಿತು. ಚಿಕ್ಕ ಮಾವ ತೊಟ್ಟಿಯ ಬಾಯಿಗೆ ಅಮ್ಮನ ಹಳೆಯ ಸೀರೆಯ ತೆಳ್ಳಗಿನ ತುಂಡೊಂದನ್ನು ಬಿಗಿದು ಕಟ್ಟಿದ. ದೊಡ್ಡ ಮಾವ ಆ ಬಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ಸಾಕಾಗ್ಲಿಕ್ಕಿಲ್ಲ" ಎಂದರು. ಅಣ್ಣ ತಮ್ಮನಿಗೆ ಆ ಬೇಸಿಗೆಯಲ್ಲಿ ಅಲ್ಲಿಯ ತನಕ ಹೇಳಿದ ಮಾತುಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಅದಾಗಿ ಕೆಲವೇ ದಿನ. ಬಂಟ್ವಾಳದಲ್ಲಿ ಒಂದು ಹೋಟೆಲಿನಲ್ಲಿ ಕೆಲಸ ಉಂಟು ಎಂದು ಯಾರೋ ಹೇಳಿದ್ದರು. ಚಿಕ್ಕ ಮಾವ ಬೆಳಗಿನ ಬಸ್ಸಿಗೆ ಹೊರಟ. ಅಂದು ಚತುರ್ದಶಿ, ಅಜ್ಜಿ ಉಪವಾಸವಿದ್ದು ಬಸದಿಯಲ್ಲೇ ಇದ್ದರು. ಹಿಂದಿನ ಸಂಜೆ ಗುಡುಗು ಮಿಂಚು ಜೋರಾಗಿತ್ತು. ಉಳಿದ ಒಂದು ಮುಗುಡು ಬೆಳಿಗ್ಗೆಯೂ ಹಾರಿ ಹಾರಿ ಬಟ್ಟೆಗೆ ತಲೆ ಕೊಡುತ್ತಿತ್ತು. ಬಟ್ಟೆಯ ಒಂದು ಮೂಲೆ ಸಡಿಲವಾಗಿತ್ತು. ದೊಡ್ಡ ಮಾವ ಬೆಂಚಿನಿಂದ ಎದ್ದು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಬಾವಿಗೆ ಹೋಗಿ ನೀರು ಸೇದಿದರು. ಆ ನೀರನ್ನು ಸೋಸಿ ತಂದು, ಬಟ್ಟೆ ಬಿಚ್ಚಿ ತೊಟ್ಟಿಗೆ ಹೊಯ್ದರು. ಅರ್ಧವಿದ್ದ ನೀರು ಕಂಠದವರೆಗೆ ಬಂತು, ಇನ್ನೂ ಹೊಯ್ದರು, ಅಂಚು ಮುಟ್ಟಿತು. ಊಟದ ದೊಡ್ಡ ಮಣೆಯನ್ನು ತಂದು ಮೇಲೆ ಮುಚ್ಚಿದರು. ಮಣೆ ತೊಟ್ಟಿಗೆ ಅಳತೆ ಮಾಡಿಸಿದ ಹಾಗೆ ಕೂತಿತು. ಅದರ ಮೇಲೆ ಅರೆಯುವ ಕಲ್ಲಿನ ಗುಂಡನ್ನು ಹೇರಿದರು.

"ಇನ್ನು ಹೆದರಿಕೆ ಇಲ್ಲ," ಎಂದರು ನನ್ನ ಕಡೆ ನೋಡಿ. ಅವರ ಮುಖದಲ್ಲಿ ಸಮಾಧಾನವಿತ್ತು.

ನಾನು ಹತ್ತಿರ ಹೋಗಿ ಹೇಳಿದೆ.

"ಮಾವ, ಅದಕ್ಕೆ ಉಸಿರು ತೆಗೀಲಿಕ್ಕೆ ಮೇಲೆ ಬರಬೇಕು."

"ಮೀನು ಉಸಿರಾಡುವುದು ನೀರಲ್ಲಿ ಮಗಾ. ನಿನ್ನ ಪುಸ್ತಕದಲ್ಲಿಯೂ ಹಾಗೆಯೇ ಉಂಟಲ್ಲ?"

"ಉಂಟು. ಆದರೆ ಇದು ಹಾಗಲ್ಲ. ಚಿಕ್ಕ ಮಾವ ಹೇಳಿದ್ದಾನೆ, ಇದು ನೀರಲ್ಲಿ ಮುಳುಗಿ ಸಾಯ್ತದಂತೆ."

"ಮೀನು ನೀರಲ್ಲಿ ಮುಳುಗಿ ಸಾಯ್ತದಾ?" ಅವರು ನಕ್ಕೇಬಿಟ್ಟರು. "ಮೊದಲು ಅರ್ಧ ನೀರಿತ್ತು. ಈಗ ತುಂಬ ಉಂಟು. ಹೋಗು ಒಳಗೆ."

ನಾನು ಹೋಗಲಿಲ್ಲ, ಕಂಬದ ಹಿಂದೆ ನಿಂತೆ. ಮೀನು ಮೇಲೆ ಬಂತು. ಮೂತಿ ಮಣೆಗೆ ತಾಗಿತು. ಕೆಳಗೆ ಹೋಯಿತು, ಪುನಃ ಬಂತು. ಟಕ್ ಎಂದು ಸದ್ದು. ದೊಡ್ಡ ಮಾವ ಬೆಂಚಿನ ಮೇಲೆ ಪುರಾಣದ ಪುಸ್ತಕ ತೆರೆದು ಮೆಲುದನಿಯಲ್ಲಿ ಓದುತ್ತಿದ್ದರು. ಮೀನು ಒಂದೊಂದು ಮೂಲೆಯನ್ನೂ ಹುಡುಕಿತು, ಮೀಸೆಗಳನ್ನು ಮಣೆಯ ಅಡಿಗೆ ಹಚ್ಚಿ ಹಚ್ಚಿ ನೋಡಿತು. ಟಕ್, ಟಕ್. ನಾನು ಓಡಿ ಹೋಗಿ ಗುಂಡುಕಲ್ಲಿಗೆ ಕೈ ಹಾಕಿ ಎಳೆದೆ. ಅದು ಮಿಸುಕಲಿಲ್ಲ. ದೊಡ್ಡ ಮಾವ ಪುಸ್ತಕದಿಂದ ಕಣ್ಣೆತ್ತಿ ನೋಡಿದರು. ಅಷ್ಟಕ್ಕೇ ನನ್ನ ಕೈ ಬಿಟ್ಟಿತು.

ಅಡುಗೆಮನೆಗೆ ಓಡಿದೆ. ಅಮ್ಮ ಹಿಟ್ಟು ರುಬ್ಬುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು.

"ಅಣ್ಣನಿಗೆ ಹೇಳಿದೆಯಾ?"

"ಹೇಳಿದೆ. ಅವರು ಕೇಳುದಿಲ್ಲ. ನೀನು ಹೇಳು."

ಅಮ್ಮ ರುಬ್ಬುಗುಂಡನ್ನು ಹಿಡಿದುಕೊಂಡೇ ಚಾವಡಿಯ ಬಾಗಿಲ ಕಡೆ ನೋಡಿದಳು. ಆ ಬಾಗಿಲು ದಾಟಿ ಹೋಗಿ ಅಣ್ಣನಿಗೆ ಇದು ತಪ್ಪು ಎಂದು ಅವಳು ತನ್ನ ಜನ್ಮದಲ್ಲಿ ಹೇಳಿರಲಿಲ್ಲ. "ಅವರು ನೋಡ್ತಾರೆ," ಎಂದಳು. ಪುನಃ ರುಬ್ಬತೊಡಗಿದಳು. ಸ್ವಲ್ಪ ಹೊತ್ತಿಗೆ ನಿಲ್ಲಿಸಿದಳು. ಚಾವಡಿಯ ಸದ್ದು ಅಲ್ಲಿಗೂ ಕೇಳುತ್ತಿತ್ತು. ಅದು ನಿಧಾನವಾಗುತ್ತ ಬಂತು. ಕೊನೆಗೆ ಕೇಳದಾದಾಗ ಅಮ್ಮ ಎದ್ದಳು. ಹಿಟ್ಟಿನ ಕೈಯಲ್ಲೇ ಚಾವಡಿಗೆ ಹೋಗಿ, ಅಣ್ಣನ ಕಡೆ ನೋಡದೆ, ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಇಟ್ಟಳು. ಮಣೆ ತೆಗೆದು ಎಸೆದಳು.

"ಸಾಕು ಅಣ್ಣ! ಮಗು ಹೇಳಿದ್ದು ಕೇಳಿಸ್ಲಿಲ್ಲವಾ ನಿಮಗೆ? ಇದು ಸಾಯ್ತಾ ಉಂಟು."

ಮೀನು ಮಣೆ ಇದ್ದಲ್ಲೇ, ನೀರಿನ ಅಂಚಿನಲ್ಲಿ ಹೊಟ್ಟೆ ಮೇಲಾಗಿ ಇತ್ತು. ಅಮ್ಮ ಎರಡೂ ಕೈ ನೀರಿಗೆ ಹಾಕಿ ಅದನ್ನು ಗಾಳಿಗೆ ಎತ್ತಿ ಹಿಡಿದಳು. ಹಿಡಿಯಲಿಕ್ಕೆ ಗೊತ್ತಿಲ್ಲದವಳು, ಪಕ್ಕೆಯ ಮುಳ್ಳು ಅಂಗೈಗೆ ಹೊಕ್ಕಿತು. ಅವಳು ಬಿಡಲಿಲ್ಲ. ಹಿಟ್ಟು, ರಕ್ತ, ನೀರು ಸೇರಿ ಮೊಣಕೈಯಿಂದ ಇಳಿಯುತ್ತಿತ್ತು. ಮೀನಿನ ಬಾಯಿ ತೆರೆದಿತ್ತು, ಮೂತಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಅದು ಅಲುಗಲಿಲ್ಲ. ದೊಡ್ಡ ಮಾವ ಹತ್ತಿರ ಬಂದು ನಿಂತರು.

"ನೀರು ತುಂಬ ಇತ್ತಲ್ಲ," ಎಂದರು. ಇನ್ನೊಮ್ಮೆ, "ತುಂಬ ಇತ್ತಲ್ಲ ನೀರು."

ಇಲ್ಲಿ ಆಮೇಲಿನ ಸಂಗತಿಗಳನ್ನು ಹೇಳಿಬಿಡುತ್ತೇನೆ. ಅಮ್ಮನ ಅಂಗೈ ಕೀವು ತುಂಬಿ, ವಾಸಿಯಾದರೂ ನಡುವಿನ ಬೆರಳು ಮತ್ತೆ ಮಡಚಲಿಲ್ಲ. ಆದರೆ ಅವಳ ದನಿ ಅಂದಿನಿಂದ ಚಾವಡಿಯಲ್ಲಿ ಕೇಳತೊಡಗಿತು. ನನ್ನನ್ನು ಹೈಸ್ಕೂಲಿಗೆ ಕಳಿಸುವ ಮಾತು ಬಂದಾಗ ಅಣ್ಣನೆದುರು ನಿಂತು ವಾದ ಮಾಡಿ ಗೆದ್ದಳು. ದೊಡ್ಡ ಮಾವ ಬಸದಿಯಲ್ಲಿ ಯಾರಿಗೂ ಹೇಳದೆ ವ್ರತ ಹಿಡಿದರು, ಸಾಯುವ ತನಕ ದಿನಕ್ಕೆ ಒಂದೇ ಊಟ. ಒಣಗಿ ಕಡ್ಡಿಯಾದರು. ಮೊದಲೇ ಮಾತು ಕಡಿಮೆಯಿದ್ದವರು ಇನ್ನೂ ಮೂಕರಾದರು. ಅವರ ಎದುರು ಕೂರುವುದೆಂದರೆ ನಮಗೆಲ್ಲ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಚಿಕ್ಕ ಮಾವ ಮಳೆ ಹಿಡಿಯುವ ಮೊದಲೇ ಬಂಟ್ವಾಳದ ಹೋಟೆಲಿಗೆ ಹೋದ, ಅಲ್ಲೇ ಮುದುಕನಾದ, ಇನ್ನೊಂದು ಮದುವೆಯಾಗಲಿಲ್ಲ. ಖಾಲಿ ತೊಟ್ಟಿಯನ್ನು ಯಾರು ಎಲ್ಲಿಗೆ ಒಯ್ದರೋ ಗೊತ್ತಿಲ್ಲ. ನಾನು ಓದಿ ಟೀಚರಾದೆ. ತರಗತಿಯಲ್ಲಿ ಯಾವ ಮಗುವಾದರೂ ಪುಸ್ತಕದಲ್ಲಿದ್ದದ್ದಕ್ಕೆ ವಿರುದ್ಧವಾಗಿ ಏನಾದರೂ ಹೇಳಲಿಕ್ಕೆ ಎದ್ದುನಿಂತರೆ, ಪುಸ್ತಕ ಮುಚ್ಚಿಟ್ಟು ಕೇಳುವುದು ನನ್ನ ಅಭ್ಯಾಸವಾಗಿತ್ತು. ಹೆಚ್ಚಿನ ಸಲ ಮಗು ಹೇಳಿದ್ದು ತಪ್ಪೇ ಇರುತ್ತಿತ್ತು. ಆದರೂ ಪೂರ್ತಿ ಕೇಳುತ್ತಿದ್ದ ಕಾರಣ, ಒಳ್ಳೆಯ ಟೀಚರು ಎಂಬ ಹೆಸರು ಬಂತು.

ಅಂದಿನ ಸಂಜೆಗೆ ಬರುತ್ತೇನೆ. ಅಜ್ಜಿ ಬಸದಿಯಿಂದ ಬಂದು, ಬಾಳೆಎಲೆಯ ಮೇಲೆ ಮಲಗಿಸಿದ್ದ ಮೀನಿನ ಹತ್ತಿರ ಕೂತು ಮಂತ್ರ ಹೇಳಿ ಮುಗಿಸಿದ್ದರು. ಬಿಸಿಲು ಇಳಿದಿತ್ತು. ಚಿಕ್ಕ ಮಾವ ಬಸ್ಸಿಳಿದು ಬಂದ. ಕೆಲಸ ಸಿಕ್ಕಿದೆ ಎಂದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಮೆಟ್ಟಿಲು ಹತ್ತಿ ನಮ್ಮನ್ನೆಲ್ಲ ನೋಡಿದ, ಎಲೆಯನ್ನು ನೋಡಿದ, ಮಣೆಯನ್ನೂ ಗುಂಡುಕಲ್ಲನ್ನೂ ತುಂಬಿದ ತೊಟ್ಟಿಯನ್ನೂ ನೋಡಿದ. ಯಾರೂ ಏನೂ ಹೇಳಬೇಕಾಗಲಿಲ್ಲ. ಅವನು ಕೂಗುತ್ತಾನೆ, ಏನನ್ನಾದರೂ ಒಡೆಯುತ್ತಾನೆ ಎಂದು ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಅವನು ಕಂಬಕ್ಕೆ ಒರಗಿ ಕೆಳಗೆ ಕೂತ.

"ನಾನು ಉಳಿಸ್ಲಿಕ್ಕೇ ಮಾಡಿದ್ದು ಧರಣಾ," ಎಂದರು ದೊಡ್ಡ ಮಾವ.

"ಗೊತ್ತುಂಟು ಅಣ್ಣ. ನಾನೂ ಹಾಗೆಯೇ ಮಾಡಿದ್ದು."

"ನೀನು ಎಂತ ಮಾಡಿದ್ದು?"

ಅವನು ನೆಲ ನೋಡಿಕೊಂಡು ಹೇಳಿದ, ಯಾರಿಗೂ ಅಲ್ಲ ಎಂಬ ಹಾಗೆ.

"ಬಾಣಂತಿ ಅಲ್ವಾ ಅವಳು. ಚಳಿ ಅಂತ ಹೇಳಿದಳು. ನಮ್ಮದು ಒಂದೇ ಕೋಣೆ, ಒಂದೇ ಕಿಟಕಿ. ಮಗುವಿಗೆ ಶೀತ ಆಗ್ಬಾರ್ದು ಅಂತ ನಾನು ಕೆಂಡದ ಒಲೆ ಒಳಗೆ ಇಟ್ಟೆ. ಕಿಟಕಿಯ ಸಂದಿಗೆಲ್ಲ ಗೋಣಿ ತುರುಕಿದೆ. ಬಾಗಿಲನ್ನು ಗಟ್ಟಿ ಎಳೆದುಕೊಂಡು ಹೋಟೆಲಿಗೆ ಹೋದೆ. ಹೊರಗೆ ನಿಂತು ಕೈ ಹಿಡಿದು ನೋಡಿದೆ ಅಣ್ಣ, ಎಲ್ಲಿಯಾದರೂ ಗಾಳಿ ಹೋಗ್ತದಾ ಅಂತ. ಹೋಗ್ತಾ ಇರಲಿಲ್ಲ. ತಿರುಗಿ ಬಂದು ತೆಗೆದಾಗ ಇಬ್ಬರೂ ಮಲಗಿದ ಹಾಗೆಯೇ ಇದ್ದರು. ಕೆಂಡದ ವಿಷಗಾಳಿ ಅಂದರು ಡಾಕ್ಟ್ರು. ಹೊಗೆ ಇರಲಿಲ್ಲ. ಕಣ್ಣಿಗೆ ಎಂತದೂ ಕಾಣ್ತಾ ಇರಲಿಲ್ಲ."

ಹೆರಿಗೆಯಲ್ಲಿ ಹೋದಳು ಎಂದು ನಾವೆಲ್ಲ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದೆವು. ಅವನು ಬಂದು ಇಷ್ಟು ತಿಂಗಳಾದರೂ, ದಿನವೂ ಎರಡು ಹೊತ್ತು ಎಲೆ ಹಾಕಿದರೂ, ಯಾರೂ ಏನಾಯಿತು ಎಂದು ಕೇಳಿರಲಿಲ್ಲ. ದೊಡ್ಡ ಮಾವ ಬೆಂಚಿನಿಂದ ಇಳಿದು, ತಮ್ಮನ ಎದುರು ನೆಲದ ಮೇಲೆ ಕೂತರು. ಕೈ ಚಾಚಲಿಕ್ಕೆ ಹೋಗಿ, ಎಲ್ಲಿ ಇಡಬೇಕೆಂದು ತಿಳಿಯದೆ ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡರು.

ಅಜ್ಜಿ ಜಪಮಾಲೆಯನ್ನು ಕೆಳಗಿಟ್ಟರು.

"ಅವಳ ಹೆಸರು ಎಂತ ಧರಣಾ?"

ಅವನು ತಲೆ ಎತ್ತಿದ. ಆ ಪ್ರಶ್ನೆ ಆ ಮನೆಯಲ್ಲಿ ತನಗೆ ಬರಬಹುದು ಎಂದು ಅವನು ನೆನೆಸಿಯೇ ಇರಲಿಲ್ಲ ಅನಿಸುತ್ತದೆ.

"ಸುಮನ್."

"ಮಗು ಗಂಡಾ ಹೆಣ್ಣಾ?"

"ಹೆಣ್ಣು ಅಮ್ಮ. ಹೆಸರಿಟ್ಟಿರಲಿಲ್ಲ."

ಅಜ್ಜಿ ಗೋಡೆ ಹಿಡಿದು ಎದ್ದರು. ಹಿಂದಿನ ಬಾಗಿಲು ದಾಟಿ ಬಾವಿಕಟ್ಟೆಗೆ ಹೋದರು. ಕೊಡಪಾನ ಇಳಿಸುವ ಸದ್ದು ಕೇಳಿತು. ಉಟ್ಟ ಸೀರೆಯಲ್ಲೇ ಅವರು ತಲೆಯ ಮೇಲೆ ನೀರು ಸುರಿದುಕೊಂಡರು. ಮನೆಯಲ್ಲಿ ಸಾವಾದಾಗ ಮೀಯುವ ಹಾಗೆ. ದೊಡ್ಡ ಮಾವ ಎದ್ದು ಹೆಗಲ ವಸ್ತ್ರ ತೆಗೆದಿಟ್ಟು ಅತ್ತ ಹೋದರು. ನಾನು ಏನೂ ತಿಳಿಯದೆ ನಿಂತಿದ್ದೆ. ಅಮ್ಮ ಗಾಯದ ಕೈಗೆ ಬಟ್ಟೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದಳು.

"ಬಾ ಪದ್ದು, ಮೀಯ್ಲಿಕ್ಕುಂಟು," ಎಂದಳು. "ನಿನ್ನ ಅತ್ತೆ ತೀರಿಹೋಗಿದ್ದಾರೆ."